ಅವ್ವನ ಹೆಸರಿನ ಒತ್ತಕ್ಷರ



ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಾದಿಯಲ್ಲಿ ಬಾತಿ ಎಂಬ ಊರಿದೆ. ಬಸ್ಸಿನಲ್ಲಿ ಕುಳಿತು ಹೋಗುವವರಿಗೆ ಅದು ಒಂದು ಗುಡ್ಡ, ಒಂದು ಕೆರೆ, ಎರಡು ನಿಮಿಷದ ನಿಲುಗಡೆ, ಅಷ್ಟೆ. ನಾನು ಹುಟ್ಟಿದ್ದು ಆ ಊರಿನಲ್ಲಿ. ಆಗ ಅದು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು; ದಾವಣಗೆರೆ ತಾನೇ ಒಂದು ಜಿಲ್ಲೆಯಾದದ್ದು 1997ರಲ್ಲಿ. ಹೊಟ್ಟೆಪಾಡಿಗಾಗಿ ಊರೂರು ಸುತ್ತಿ, ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿ, ನಿವೃತ್ತನಾದ ಮೇಲೆ ಮರಳಿ ಅದರ ಸಮೀಪಕ್ಕೇ ಬಂದು ನೆಲೆಸಿದ್ದೇನೆ. ಈ ಭಾಷಣದ ವಸ್ತು ನನಗೆ ದೊರೆತದ್ದು ಯಾವುದೇ ಗ್ರಂಥದಿಂದಲ್ಲ, ಬಾತಿಯ ಒಂದು ಪ್ರಾಥಮಿಕ ಶಾಲೆಯ ನಾಲ್ಕನೆಯ ತರಗತಿಯಿಂದ.

ಅದೊಂದು ಶನಿವಾರ. ಬೆಳಗಿನ ಶಾಲೆ. ಮಕ್ಕಳು ತಾವು ಬರೆದದ್ದನ್ನು ಎಲ್ಲರೆದುರು ಓದುತ್ತಾರೆ, ಬಂದು ಕೇಳಿ ಎಂದು ಅಲ್ಲಿಯ ಶಿಕ್ಷಕಿ ಕರೆದಿದ್ದರು. ‘ನಾನು ಬರೆಯಲು ಕಲಿತದ್ದು’ ಎಂಬುದು ಅಂದಿನ ವಿಷಯ. ಕರೆದವರ ಮನಸ್ಸಿನಲ್ಲಿ ಏನಿತ್ತೋ, ನನ್ನ ಮನಸ್ಸಿನಲ್ಲಿದ್ದದ್ದು ಮಾತ್ರ ಎರಡು ಹಿತವಚನ ಹೇಳಿ, ಮಕ್ಕಳ ಬೆನ್ನು ತಟ್ಟಿ, ಹತ್ತೂವರೆಯ ಬಸ್ಸು ಹಿಡಿಯುವ ಯೋಚನೆ. ನಿವೃತ್ತ ಪ್ರಾಧ್ಯಾಪಕರಿಗೆ ಹಿತವಚನದ ಕೊರತೆ ಎಂದೂ ಇರುವುದಿಲ್ಲ.

ಮೊದಮೊದಲು ಓದಿದ ಮಕ್ಕಳ ಬರಹ ನಾನು ನಿರೀಕ್ಷಿಸಿದಂತೆಯೇ ಇತ್ತು. ನಮ್ಮ ಶಾಲೆ ಚೆನ್ನಾಗಿದೆ, ನಮ್ಮ ಶಾಲೆಯಲ್ಲಿ ಗಿಡಗಳಿವೆ, ನಮ್ಮ ಟೀಚರು ಚೆನ್ನಾಗಿ ಪಾಠ ಮಾಡುತ್ತಾರೆ. ಒಬ್ಬನದನ್ನು ಇನ್ನೊಬ್ಬ ನೋಡಿ ಬರೆದದ್ದೂ ಉಂಟು. ಆಮೇಲೆ ಒಬ್ಬ ಹುಡುಗಿ ಎದ್ದು ನಿಂತಳು. ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು, ಉಸಿರು ಬಿಡದೆ ಓದತೊಡಗಿದಳು.

ಒಂದನೆಯ ತರಗತಿಯಲ್ಲಿ ತನಗೆ ಮೊದಲು ಬಂದ ಅಕ್ಷರಗಳು ರ, ಗ, ಸ, ದ, ಅ ಎಂದು ಅವಳ ಬರಹ ಆರಂಭವಾಗುತ್ತಿತ್ತು. ನನ್ನ ವಯಸ್ಸಿನ ಕೇಳುಗರಿಗೆ ಇದು ವಿಚಿತ್ರವೆನಿಸಬಹುದು. ನಮಗೆ ಅ ಆ ಇ ಈ ಎಂದು ಐವತ್ತು ಚಿಲ್ಲರೆ ಅಕ್ಷರಗಳನ್ನು ಮರಳಿನ ಮೇಲೆ ತಿದ್ದಿಸಿ, ಕಾಗುಣಿತದ ಕಾಡನ್ನು ದಾಟಿಸಿ, ಅನಂತರವೇ ಒಂದು ಮಾತು ಬರೆಯಲು ಬಿಡುತ್ತಿದ್ದರು. ಅಷ್ಟು ಹೊತ್ತಿಗೆ ಅರ್ಧ ಮಕ್ಕಳು ದನ ಕಾಯಲು ಹೋಗಿಬಿಟ್ಟಿರುತ್ತಿದ್ದರು. ‘ನಲಿ-ಕಲಿ’ ಎಂಬ ಪದ್ಧತಿ ಮಾಡಿದ್ದೇನೆಂದರೆ, ಬೇಗ ಬರೆಯಬಹುದಾದ, ಬೇಗ ಮಾತಾಗಬಲ್ಲ ಅಕ್ಷರಗಳನ್ನು ಮುಂದಕ್ಕೆ ತಂದದ್ದು. ಈ ಐದೇ ಅಕ್ಷರಗಳಲ್ಲಿ ಅರಸ, ಅಗಸ, ಸರ, ದರ, ಗರಗಸ ಎಲ್ಲವೂ ಇವೆ. ಕಾಗುಣಿತ ಬೇಡ, ಒತ್ತು ಬೇಡ. ಮಗು ಶಾಲೆಗೆ ಬಂದ ಕೆಲವೇ ದಿನಗಳಲ್ಲಿ ಒಂದು ಇಡೀ ಮಾತಿಗೆ ಯಜಮಾನನಾಗುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಾಲೆಗಳಲ್ಲಿ ಈ ಪದ್ಧತಿ ಆರಂಭವಾಯಿತು. ಆಂಧ್ರದ ರಿಷಿ ವ್ಯಾಲಿಯ ಸುತ್ತಿನ ಹಳ್ಳಿಶಾಲೆಗಳಲ್ಲಿ ನಡೆಯುತ್ತಿದ್ದುದನ್ನು ಅಲ್ಲಿಗೇ ಹೋಗಿ ನೋಡಿ ಬಂದ ನಮ್ಮ ಶಿಕ್ಷಕರು ಯುನಿಸೆಫ್ ನೆರವಿನಿಂದ ಇದನ್ನು ಕಟ್ಟಿದರು. 2009-10ರ ಹೊತ್ತಿಗೆ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹರಡಿತು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವ ಕಪ್ಪುಹಲಗೆ, ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಆ ಚಪ್ಪರದಿಂದ ತೂಗುವ ಮಕ್ಕಳ ಚಿತ್ರ, ಬರಹ. ಇದರ ಬಗ್ಗೆ ದೂರುಗಳೂ ಇವೆ. ಒಬ್ಬರೇ ಶಿಕ್ಷಕರಿರುವಲ್ಲಿ ಇದು ಬರಿಯ ಕಾರ್ಡುಗಳ ಆಟವಾಗುತ್ತದೆಂದು ಅನುಭವಿಗಳೇ ಹೇಳುತ್ತಾರೆ. ಅದು ಬೇರೆ ಚರ್ಚೆ.

ನಮ್ಮ ಹುಡುಗಿ ಆ ಐದಕ್ಷರದ ಬಗ್ಗೆ ಹೇಳಿದ್ದು ಇಷ್ಟು: ಅರಸನನ್ನು ತಾನು ನೋಡಿಲ್ಲ, ಗರಗಸವನ್ನು ನೋಡಿದ್ದೇನೆ, ತನ್ನ ಮಾವನ ಹತ್ತಿರ ಅದು ಇದೆ. ಗೋಡೆಯ ಮೇಲೆ ‘ಗರಗಸ’ ಎಂದು ಬರೆದ ದಿನ ಸಂಜೆ ಮಾವನ ಮನೆಗೆ ಓಡಿಹೋಗಿ ಅದನ್ನು ಮುಟ್ಟಿ ನೋಡಿ ಬಂದಳಂತೆ.

ಅಲ್ಲಿಂದ ಬರಹ ಅವಳ ತಾಯಿಯ ಕಡೆಗೆ ತಿರುಗಿತು. ತಾಯಿ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯ ಕೆಲಸಕ್ಕೆ ಹೋಗುತ್ತಾಳೆ. ದಾವಣಗೆರೆಯ ಮಂಡಕ್ಕಿಯ ರುಚಿ ಗೊತ್ತಿಲ್ಲದವರು ಈ ಸೀಮೆಯಲ್ಲಿ ಯಾರಿದ್ದಾರೆ? ಆದರೆ ಕಾದ ಮರಳಿನ ಮುಂದೆ ನಿಂತು ಅದನ್ನು ಅರಳಿಸುವವರ ಮುಖವನ್ನು ಮಂಡಕ್ಕಿ ತಿನ್ನುವಾಗ ನಾವು ನೆನೆಯುವುದಿಲ್ಲ. ಆ ತಾಯಿಗೆ ಅಕ್ಷರ ಬಾರದು. ಸಂಘದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಮಗಳಿಗೆ ಅಕ್ಷರ ಬಂದ ಮೇಲೆ, ನನ್ನ ಹೆಸರು ಬರೆದುಕೊಡು ಎಂದು ಕೇಳಿದಳು. ಇಲ್ಲೊಂದು ತೊಡಕು ಎದುರಾಯಿತು. ನಮ್ಮ ಕಡೆಯ ಬಹುಪಾಲು ಹೆಣ್ಣುಮಕ್ಕಳ ಹೆಸರಿನಂತೆ ಆಕೆಯ ಹೆಸರೂ ‘ಮ್ಮ’ ಎಂದೇ ಮುಗಿಯುತ್ತದೆ. ಹುಡುಗಿಯ ಪಾಠ ಇನ್ನೂ ಒತ್ತಕ್ಷರಕ್ಕೆ ಬಂದಿರಲಿಲ್ಲ. ಮರುದಿನ ಅವಳು ಶಿಕ್ಷಕಿಯನ್ನು ಕೇಳಿದಳು. ಪಾಠ ಬಂದಾಗ ಹೇಳಿಕೊಡುತ್ತೇನೆ ಎಂದು ಆಕೆ ಹೇಳಲಿಲ್ಲ. ಅಲ್ಲೇ, ಆಗಲೇ, ಮಕಾರದ ಕೆಳಗೆ ಮಕಾರದ ಒತ್ತನ್ನು ಬರೆದು ತೋರಿಸಿದರು. ಇಡೀ ತರಗತಿಯಲ್ಲಿ ಮೊದಲು ಒತ್ತಕ್ಷರ ಕಲಿತವಳು ಈ ಹುಡುಗಿ.

ಆ ರಾತ್ರಿ ತಾಯಿ ಮಗಳು ಪಾಟಿಯ ಮುಂದೆ ಕುಳಿತರು. ಮುಂದಿನದನ್ನು ಅವಳ ಮಾತಿನಲ್ಲೇ ಹೇಳಬೇಕು: “ಅವ್ವ ಒತ್ತನ್ನ ಮ್ಯಾಲೆ ಬರದ್ಲು. ನಾನು ಬೈಲಿಲ್ಲ.”

ಕೇಳುಗರೆ, ನಿಜ ಹೇಳುತ್ತೇನೆ. ಆ ಕ್ಷಣದಲ್ಲಿ ನನ್ನ ಕೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಯಿತು. ಮೂವತ್ತು ವರ್ಷಕ್ಕೂ ಮೀರಿದ ಅಭ್ಯಾಸ. ‘ಮ್ಯಾಲೆ’ ಅಲ್ಲ, ‘ಮೇಲೆ’. ‘ಬರದ್ಲು’ ಅಲ್ಲ, ‘ಬರೆದಳು’. ‘ಬೈಲಿಲ್ಲ’ ಅಲ್ಲ, ‘ಬೈಯಲಿಲ್ಲ’. ಪಕ್ಕದಲ್ಲಿ ಕುಳಿತಿದ್ದ ಶಿಕ್ಷಕಿ ಮೆಲ್ಲಗೆ, “ಪೂರ್ತಿ ಕೇಳ್ರಿ ಸರ್, ತಿದ್ದೋದು ಸೋಮವಾರ ಐತೆ” ಎಂದರು. ನಾನು ಪೆನ್ನನ್ನು ಒಳಗಿಟ್ಟೆ. ಹುಡುಗಿ ಓದಿ ಮುಗಿಸಿದಳು. ತಾಯಿ ಈಗ ಸಂಘದಲ್ಲಿ ಸಹಿ ಮಾಡುತ್ತಾಳೆ, ನಿಧಾನವಾಗಿ ಮಾಡುತ್ತಾಳೆ, ಉಳಿದವರು ಕಾಯುತ್ತಾರೆ ಎಂಬುದೇ ಕೊನೆಯ ಮಾತು.

ತಪ್ಪು ಒಪ್ಪುಗಳ ವಿಷಯದಲ್ಲಿ ನಾನು ಕಳೆದ ಬದುಕನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹಳಗನ್ನಡ ಮತ್ತು ಶಾಸನ ನನ್ನ ಪಾಠದ ವಿಷಯಗಳು. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ 11ನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು; ಹರಿಹರದ ಶಾಸನಗಳೆಲ್ಲ ಅದರಲ್ಲಿ ದಾವಣಗೆರೆ ತಾಲ್ಲೂಕಿನ ಲೆಕ್ಕದಲ್ಲಿವೆ. ಶಾಸನಗಳನ್ನು ಓದುವಾಗ ನಾವು ಹುಡುಕುವುದು ಏನನ್ನು? ಕವಿಯ ಪಾಂಡಿತ್ಯವನ್ನು ಮಾತ್ರವಲ್ಲ. ಕಲ್ಲು ಕಡೆದವನ ತಪ್ಪನ್ನು. ೞಕಾರ ಇರಬೇಕಾದಲ್ಲಿ ಆತ ಳಕಾರ ಕೆತ್ತಿದರೆ, ಅವನ ಕಾಲಕ್ಕೆ ಜನರ ನಾಲಗೆಯಿಂದ ೞಕಾರ ಜಾರಿತ್ತು ಎನ್ನುತ್ತೇವೆ. ಪಕಾರದ ಜಾಗದಲ್ಲಿ ಹಕಾರ ಬಂದರೆ, ನೋಡಿ, ಹೊಸಗನ್ನಡದ ಬೆಳಕು ಮೂಡುತ್ತಿದೆ ಎಂದು ಹಿಗ್ಗುತ್ತೇವೆ. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಮಾತುಗಳನ್ನು ಒಂದೊಂದಾಗಿ ಎಣಿಸಿ ಕೊಡಬೇಕಾಯಿತೆಂದರೆ, ಆಗಲೇ ಜನ ಅದನ್ನು ಮರೆಯತೊಡಗಿದ್ದರೆಂದೇ ಅರ್ಥ. ಭಾಷೆಯ ಚರಿತ್ರೆಯ ಒಂದು ದೊಡ್ಡ ಭಾಗ ನಮಗೆ ತಿಳಿದಿರುವುದು ಇಂಥ ‘ತಪ್ಪು’ಗಳಿಂದ. ಕಲ್ಲಿನ ಮೇಲಿನ ತಪ್ಪಿಗೆ ನಾನು ಟಿಪ್ಪಣಿ ಬರೆದೆ. ಮಗ್ಗುಲಲ್ಲಿ ಕುಳಿತ ವಿದ್ಯಾರ್ಥಿಯ ಕಾಗದದ ಮೇಲಿನ ತಪ್ಪಿಗೆ ಕೆಂಪು ಗೀಟು ಎಳೆದೆ. ಪರೀಕ್ಷೆಯಲ್ಲಿ ತನ್ನೂರಿನ ಮಾತಿನಲ್ಲಿ ಒಂದು ಪುಟ ಬರೆದ ಹುಡುಗನೊಬ್ಬನಿಗೆ ಅಂಕ ಕಳೆದದ್ದು ನೆನಪಿದೆ. ಆ ಪುಟದಲ್ಲಿ ಏನಿತ್ತೆಂಬುದು ಮಾತ್ರ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ತಿದ್ದಬಾರದೆಂದು ನಾನು ಹೇಳುತ್ತಿಲ್ಲ. ಬಾತಿಯ ಹುಡುಗಿಯ ಬರಹ ಮಂಗಳೂರಿನ ಹುಡುಗಿಗೂ ಬೀದರಿನ ಹುಡುಗಿಗೂ ತಿಳಿಯಬೇಕಾದರೆ ನಡುವೆ ಒಂದು ಪೊತ್ತಗೆಯ ಕನ್ನಡ ಬೇಕೇ ಬೇಕು. ನೌಕರಿಗೆ ಬೇಕು, ನ್ಯಾಯಾಲಯಕ್ಕೆ ಬೇಕು. ಅದನ್ನು ಕಲಿಸದಿರುವುದು ಬಡವರ ಮಕ್ಕಳಿಗೆ ಮಾಡುವ ದ್ರೋಹ. ಆದರೆ ಶಿಕ್ಷಕಿ ಹೇಳಿದ ಸೋಮವಾರ ನನ್ನನ್ನು ಯೋಚನೆಗೆ ಹಚ್ಚಿತು. ಶನಿವಾರ ಕೇಳುವುದು, ಸೋಮವಾರ ತಿದ್ದುವುದು. ನಡುವೆ ಒಂದು ಭಾನುವಾರ ಆ ಬರಹ ಬರೆದವಳದಾಗಿಯೇ ಉಳಿಯುತ್ತದೆ.

ಟಾಲ್‌ಸ್ಟಾಯ್ ಇದನ್ನು ಬಹಳ ಹಿಂದೆಯೇ ಕಂಡಿದ್ದ. 1859ರಲ್ಲಿ ಆತ ಯಾಸ್ನಾಯ ಪೊಲ್ಯಾನದ ತನ್ನ ಮನೆಯಲ್ಲೇ ರೈತರ ಮಕ್ಕಳಿಗೆ ಶಾಲೆ ತೆರೆದ. ‘ಯುದ್ಧ ಮತ್ತು ಶಾಂತಿ’ಯನ್ನು ಇನ್ನೂ ಬರೆದಿರಲಿಲ್ಲವಾದರೂ ಆಗಲೇ ಹೆಸರಾಂತ ಲೇಖಕ. ಒಂದು ಗಾದೆಯನ್ನು ಕೊಟ್ಟು ಕಥೆ ಬರೆಯಿರಿ ಎಂದ. ಮಕ್ಕಳು ಹಿಂಜರಿದಾಗ ತಾನೇ ಬರೆಯತೊಡಗಿದ. ಸ್ವಲ್ಪ ಹೊತ್ತಿಗೆ ಮಕ್ಕಳು ಅವನನ್ನೇ ತಿದ್ದತೊಡಗಿದರು. ಮುಂದೆ ಮಕ್ಕಳು ಹೇಳುವುದು, ಆತ ಬರೆದುಕೊಳ್ಳುವುದು ಎಂದಾಯಿತು. ಕಥೆಯಲ್ಲಿ ನೆರೆಯವನೊಬ್ಬ ಹೆಂಗಸಿನ ತುಪ್ಪಳದ ಅಂಗಿ ತೊಟ್ಟು ಬರುತ್ತಾನೆ ಎಂದು ಒಬ್ಬ ಹುಡುಗ ಸೇರಿಸಿದ. ಹೆಂಗಸಿನ ಅಂಗಿಯೇ ಏಕೆ ಎಂದು ಟಾಲ್‌ಸ್ಟಾಯ್ ಬೆರಗಾದ. ಆ ಒಂದು ವಿವರದಿಂದ ಆ ಮನೆ, ಆ ಬಡತನ, ಆ ಮನುಷ್ಯ ಎಲ್ಲ ಕಣ್ಣಿಗೆ ಕಟ್ಟಿತು. ಬರೆಯುವುದನ್ನು ನಾವು ಈ ಮಕ್ಕಳಿಗೆ ಕಲಿಸಬೇಕೋ, ಅವರಿಂದ ನಾವು ಕಲಿಯಬೇಕೋ ಎಂದು 1862ರಲ್ಲಿ ಆತ ಒಂದು ದೀರ್ಘ ಲೇಖನವನ್ನೇ ಬರೆದ. ತರಗತಿಯಲ್ಲಿ ಅದನ್ನು ನಾನು ಎಷ್ಟೋ ಸಲ ಉದಾಹರಿಸಿದ್ದೇನೆ. ಉದಾಹರಿಸಿ, ಮನೆಗೆ ಬಂದು, ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ, ಕೆಂಪು ಪೆನ್ನು ತೆಗೆದಿದ್ದೇನೆ.

“ನಾನು ಬೈಲಿಲ್ಲ” ಎಂಬುದು ಆ ಹೆಂಗಸಿನ ಅಂಗಿಯಂಥ ಮಾತು. ತಪ್ಪು ಬರೆದವರಿಗೆ ಬೈಯುವ ಜಗತ್ತೊಂದಿದೆ ಎಂದು ಆ ಹುಡುಗಿಗೆ ಗೊತ್ತು. ತನ್ನ ಅವ್ವನಿಗೆ ತಾನು ಅದನ್ನು ಮಾಡಲಿಲ್ಲ ಎಂದು ದಾಖಲಿಸುತ್ತಿದ್ದಾಳೆ. ‘ಬೈಯಲಿಲ್ಲ’ ಎಂದು ತಿದ್ದುವ ಆತುರದಲ್ಲಿ ನಾನು ಇದನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ.

ಓದು ಮುಗಿದ ಮೇಲೆ ಮಕ್ಕಳು ನನ್ನನ್ನು ಸುತ್ತುವರಿದರು. ಅದೇ ಹುಡುಗಿ, “ಅಜ್ಜಾ, ನೀವು ನಾಲ್ಕನೇ ಕ್ಲಾಸಲ್ಲಿ ಏನು ಬರ್ದಿದ್ರಿ?” ಎಂದು ಕೇಳಿದಳು. ಹಿತವಚನಗಳೆಲ್ಲ ಮರೆತುಹೋದವು. ಒಂದೇ ಒಂದು ವಾಕ್ಯ ನೆನಪಾಯಿತು. ಆಗ ನಾನು ಓದಲೆಂದು ಬೇರೊಂದು ಊರಿನಲ್ಲಿ ಸೋದರಮಾವನ ಮನೆಯಲ್ಲಿದ್ದೆ. ‘ಹಸು’ ಎಂಬ ವಿಷಯ ಕೊಟ್ಟಿದ್ದರು. ಮನೆಯ ನೆನಪು ಒತ್ತರಿಸಿ ಬಂದು, ‘ನಮ್ಮ ಆಕಳು ಲಾರಿ ಕಂಡ್ರೆ ನಿಂತೇ ಬಿಡ್ತೈತೆ’ ಎಂದು ಬರೆದೆ. ಬಾತಿಯ ಆಕಳಿಗೆ ಹೆದ್ದಾರಿಯ ಭಯ ಸಹಜವಲ್ಲವೆ? ಮೇಷ್ಟ್ರು ಆ ಸಾಲನ್ನು ಅಡ್ಡಗೀಟಿನಿಂದ ಹೊಡೆದು, ‘ಹಸು ಒಂದು ಸಾಕುಪ್ರಾಣಿ’ ಎಂದು ಹತ್ತು ಸಲ ಬರೆಸಿದರು. 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ‘ಆಕಳು’ ಎಂಬ ಮಾತು ಮರ್ಯಾದೆಯಿಂದಲೇ ಕುಳಿತಿದೆ ಎಂಬುದು ನನಗೆ ತಿಳಿದದ್ದು ಎಂ.ಎ. ತರಗತಿಯಲ್ಲಿ. ಮೇಷ್ಟ್ರ ಮೇಲೆ ನನಗೆ ಕೋಪವಿಲ್ಲ. ಅವರಿಗೂ ಯಾರೋ ಹಾಗೆಯೇ ಬರೆಸಿದ್ದರು. ನಾನೂ ಹಾಗೆಯೇ ಬರೆಸಿದೆ.

ಈ ಕಥೆಯನ್ನು ಮಕ್ಕಳಿಗೆ ಹೇಳಿದೆ. ಯಾರೂ ನಗಲಿಲ್ಲ. “ಆಕಳ ಹೆಸರೇನು?” ಎಂದಳು ಹುಡುಗಿ. ಕೌಲಿ ಎಂದೆ. “ಲಾರಿ ಹೋದ್ಮ್ಯಾಲೆ ಏನು ಮಾಡ್ತಿತ್ತು?” ಎಂದು ಇನ್ನೊಬ್ಬ. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. “ಬರ್ಕೊಂಡು ಬರ್ರಿ” ಎಂದು ಅಪ್ಪಣೆಯಾಯಿತು. ಹತ್ತೂವರೆಯ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು. ಮರುದಿನ ಭಾನುವಾರ ಒಂದು ನೋಟುಪುಸ್ತಕ ತಂದು ಕುಳಿತೆ. ಲಾರಿ ಹೋದ ಮೇಲೆ ಕೌಲಿ ನಮ್ಮವ್ವನ ಕಡೆಗೊಮ್ಮೆ ತಿರುಗಿ ನೋಡುತ್ತಿತ್ತು. ಅವ್ವ “ಹೋಗೇ” ಎಂದರೆ ಮಾತ್ರ ರಸ್ತೆ ದಾಟುತ್ತಿತ್ತು. ಅಷ್ಟನ್ನು ಬರೆದಿದ್ದೇನೆ. ಬರುವ ಶನಿವಾರ ಓದಬೇಕು.