ಹಲ್ಮಿಡಿಯ ಅರಸ, ದೋರಸಮುದ್ರದ ಚಕ್ರವರ್ತಿ

ಹೊಯ್ಸಳರ ನಾಡಿನ ಉಪನ್ಯಾಸ ಅಂದಮೇಲೆ ಶಿಲಾಬಾಲಿಕೆಯರು ಬಂದೇ ಬರುತ್ತಾರೆ ಎಂದುಕೊಂಡು ಕುಳಿತವರಿಗೆ ಸ್ವಲ್ಪ ನಿರಾಸೆ ಆಗಬಹುದು. ಇವತ್ತು ನಾನು ಎತ್ತಿಕೊಂಡಿರುವುದು ‘ಅರಸ’ ಎಂಬ ಒಂದು ಪದವನ್ನು. ಅರಸೀಕೆರೆಯಲ್ಲಿ ಅದನ್ನು ಮಾತಾಡದೆ ಇನ್ನೆಲ್ಲಿ ಮಾತಾಡುವುದು? ಶಾಸನಗಳಲ್ಲಿ ಈ ಊರು ಅರಸಿಯಕೆರೆ. ಬಲ್ಲಾಳಪುರ ಎಂಬ ಹೆಸರೂ ಇದಕ್ಕಿತ್ತು. ದೊರೆಯ ಹೆಸರು ಬಳಕೆ ತಪ್ಪಿತು, ಅರಸಿಯದು ಉಳಿಯಿತು.

ಈ ಪದ ಬಹಳ ಹಿಂದೆಯೇ ಕಲ್ಲಿನ ಮೇಲೆ ಕಾಣಿಸಿಕೊಂಡದ್ದು ಇಲ್ಲೇ ಪಕ್ಕದ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನ ಅದು. ಕಾಲ ಸುಮಾರು ಕ್ರಿ.ಶ. 450, ಹದಿನಾರು ಸಾಲು. ಅದರಲ್ಲಿ ನಾಡಿನ ದೊರೆ ಕದಂಬ ಕಾಕುಸ್ಥ. ಅವನಿಗೆ ಶಾಸನ ‘ಭಟ್ಟೋರನ್’ ಎಂಬ ಗೌರವದ ಪದ ಹಚ್ಚಿದೆ, ಅವನು ‘ಆಳೆ’ ಎಂದಿದೆ, ಅಂದರೆ ಆಳುತ್ತಿರಲು. ಹಾಗಾದರೆ ‘ಅರಸ’ ಯಾರು? ಕೇಕಯ, ಪಲ್ಲವರ ಮೇಲೆ ಕಾದು ಗೆದ್ದು ಬಂದ ಒಬ್ಬ ವೀರ, ವಿಜ ಅರಸ. ಅವನ ಕತ್ತಿ ತೊಳೆದು ಗೌರವಿಸಿ, ‘ಬಾಳ್ಗಳ್ಚು’ ಎಂದು ಎರಡು ಹಳ್ಳಿಗಳನ್ನು ಕೊಟ್ಟರು. ಅದರಲ್ಲಿ ಒಂದು ಪಲ್ಮಡಿ, ಇವತ್ತಿನ ಹಲ್ಮಿಡಿ. ನೋಡಿ, ಕದಂಬರ ದೊರೆಗೆ ಹಚ್ಚದ ಪದ ಅವನ ಕೈಕೆಳಗಿನ ಯೋಧನ ಹೆಸರಿನಲ್ಲಿದೆ. ನಾನು ಹೇಳಬೇಕೆಂದಿರುವುದೂ ಇದನ್ನೇ: ಕನ್ನಡದಲ್ಲಿ ಅರಸ ಎಂಬುದು ಸಿಂಹಾಸನಕ್ಕೆ ಮಾತ್ರ ಮೀಸಲಾದ ಪದವಾಗಿರಲಿಲ್ಲ.

ಪದದ ಹುಟ್ಟಿನ ಬಗ್ಗೆ ಜಗಳ ಹಳೆಯದು. ರಾಜ ಎಂಬುದೇ ನಮ್ಮ ನಾಲಿಗೆಗೆ ಬಗ್ಗಿ ಅರಸ ಆಯಿತು ಎನ್ನುವವರಿದ್ದಾರೆ; ಇಲ್ಲ, ಇದು ದ್ರಾವಿಡದ್ದೇ ಸ್ವಂತ ಸೊತ್ತು ಎನ್ನುವವರೂ ಇದ್ದಾರೆ. ಹಳೆಯ ದ್ರಾವಿಡ ಪದಗಳು ರಕಾರದಿಂದ ಶುರುವಾಗುವುದಿಲ್ಲ. ಎರವಲು ಪದದಲ್ಲಿ ರಕಾರ ಮೊದಲು ಬಂದರೆ ಮುಂದೊಂದು ಸ್ವರ ಸೇರಿಕೊಳ್ಳುತ್ತದೆ. ರಂಗ ತಮಿಳಿನಲ್ಲಿ ಅರಂಗಂ ಆದದ್ದು ಹಾಗೆ. ಆದ್ದರಿಂದ ನನಗೆ ಮೊದಲನೆಯ ಪಕ್ಷವೇ ಸರಿ ಅನ್ನಿಸುತ್ತದೆ. ಆದರೆ ಒಂದು ಮಾತು. ಎರವಲೇ ಆಗಿದ್ದರೂ ಅದು ಬಂದು ಎಷ್ಟು ಕಾಲವಾಯಿತೆಂದರೆ ತಮಿಳಿನ ಅರಸನ್, ತುಳುವಿನ ಅರಸು, ನಮ್ಮ ಅರಮನೆ ಎಲ್ಲವೂ ಅದರ ಸಂಸಾರವಾಗಿ ಬೆಳೆದಿವೆ. ಅಷ್ಟು ಹಳೆಯ ನೆಂಟನನ್ನು ಹೊರಗಿನವನು ಎಂದು ಯಾರು ಕರೆಯುತ್ತಾರೆ?

ಪದ ಹೀಗೆ ಹರಡಿಕೊಂಡದ್ದಕ್ಕೆ ಈ ಊರಲ್ಲೇ ಸಾಕ್ಷಿ ಇದೆ. 1220ರಲ್ಲಿ ಇಲ್ಲಿ ಸಹಸ್ರಕೂಟ ಜಿನಾಲಯ ಕಟ್ಟಿಸಿದವನು ಇಮ್ಮಡಿ ಬಲ್ಲಾಳನ ಮಂತ್ರಿ. ರೇಚಣ, ರೇಚಿಮಯ್ಯ, ರೇಚರಸ ಎಂದೆಲ್ಲ ಕರೆಸಿಕೊಂಡವನು. ಮಂತ್ರಿಯೂ ಅರಸ, ದಂಡನಾಯಕನೂ ಅರಸ, ಸಣ್ಣ ನಾಡಿನ ಪ್ರಭುವೂ ಅರಸ. ಹಾಗಿದ್ದಾಗ ನಿಜವಾದ ದೊರೆ ತನ್ನನ್ನು ಬೇರೆಯಾಗಿ ತೋರಿಸಿಕೊಳ್ಳುವುದು ಹೇಗೆ? ಬಿರುದು!

ಹೊಯ್ಸಳರ ಚರಿತ್ರೆಯನ್ನು ಬಿರುದುಗಳಿಂದಲೇ ಓದಬಹುದು. ಇವರು ಮೂಡಿಗೆರೆಯ ಅಂಗಡಿ ಕಡೆಯ ಮಲೆಯಿಂದ ಇಳಿದು ಬಂದವರು. ಹಳೆಯ ಬಿರುದು ‘ಮಲೆಪರೊಳ್ಗಂಡ’, ಮಲೆಯ ಪಾಳೆಯಗಾರರ ನಡುವಿನ ಗಂಡು. ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ವೆಸೆಕ್ಸಿನ ದೊರೆ ಎಗ್ಬರ್ಟನನ್ನು ಎಂಟನೆಯ ‘ಬ್ರೆಟ್‌ವಾಲ್ಡ’ ಎನ್ನುತ್ತದೆ. ಅದೂ ಹಲವು ಸಣ್ಣ ದೊರೆಗಳ ಮೇಲಿನ ದೊರೆಗೆ ಹುಟ್ಟಿದ ಹೆಸರೇ. ಬ್ರಿಟನ್ನಿನ ಒಡೆಯನೋ, ವಿಶಾಲ ನಾಡಿನ ಒಡೆಯನೋ ಎಂದು ಅಲ್ಲಿಯ ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ನಮ್ಮದು ಅಷ್ಟು ಗೋಜಲಿಲ್ಲ. ವಿಷ್ಣುವರ್ಧನ 1116ರಲ್ಲಿ ಚೋಳರಿಂದ ತಲಕಾಡು ಗೆದ್ದ. ಚಿನ್ನದ ನಾಣ್ಯದ ಮೇಲೆ ಕನ್ನಡ ಅಕ್ಷರದಲ್ಲಿ ‘ಶ್ರೀ ತಲಕಾಡುಗೊಂಡ’ ಎಂದು ಹಾಕಿಸಿದ. ಹೆಸರೇ ಬೇಡ, ಗೆದ್ದ ಊರು ಸಾಕು. ಮಾರನೆಯ ವರ್ಷ, 1117ರಲ್ಲಿ, ಬೇಲೂರಿನ ಗುಡಿ. ಇಷ್ಟಾದರೂ ಶಾಸನಗಳಲ್ಲಿ ಅವನು ‘ಮಹಾಮಂಡಲೇಶ್ವರ’, ಕಲ್ಯಾಣದ ಚಾಲುಕ್ಯರ ಸಾಮಂತ. ‘ತ್ರಿಭುವನಮಲ್ಲ’ ಎಂಬ ಬಿರುದು ಕೂಡ ಚಾಲುಕ್ಯ ವಿಕ್ರಮಾದಿತ್ಯನದೇ. ಮೊಮ್ಮಗ ಇಮ್ಮಡಿ ಬಲ್ಲಾಳ 1190ರ ಸುಮಾರಿಗೆ ಸೊರಟೂರಿನಲ್ಲಿ ಸೇವುಣರ ಭಿಲ್ಲಮನನ್ನು ಸೋಲಿಸಿದ ಮೇಲೆಯೇ ಸಮಸ್ತಭುವನಾಶ್ರಯ, ಪೃಥ್ವೀವಲ್ಲಭ, ಮಹಾರಾಜಾಧಿರಾಜ ಎಂಬ ಚಾಲುಕ್ಯರ ದೊಡ್ಡ ಬಿರುದುಗಳು ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ ಬಂದವು.

ಇನ್ನು ‘ಒಡೆಯ’. ಉಳ್ಳವನು, ಸೊತ್ತಿನ ಯಜಮಾನ. ಮೈಸೂರಿನವರು ಇದನ್ನೇ ಮನೆತನದ ಹೆಸರು ಮಾಡಿಕೊಂಡರು. ತಮಾಷೆ ಏನೆಂದರೆ, ಹೆಸರಿನಲ್ಲೇ ಅರಸು ಇದ್ದ ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕಾಯ್ದೆ ಗೇಣಿದಾರನನ್ನು ಭೂಮಿಗೆ ಒಡೆಯನನ್ನಾಗಿಸಿತು.

ಇಂಗ್ಲಿಷಿನ ಲಾರ್ಡ್ ಹಳೆಯ ರೂಪದಲ್ಲಿ ‘ಹ್ಲಾಫೋರ್ಡ್’, ರೊಟ್ಟಿ ಕಾಯುವವನು. ಇದನ್ನು ಕೇಳಿ ನಗಬೇಡಿ. ನಮ್ಮಲ್ಲಿ ‘ಜೋಳವಾಳಿ’ ಇತ್ತಲ್ಲ! ದೊರೆಯ ಜೋಳ ಉಂಡವನು ಆ ಋಣಕ್ಕೆ ಪ್ರಾಣ ಕೊಡಬೇಕು. ಇನ್ನೂ ಕಟ್ಟುನಿಟ್ಟಿನದು ‘ವೇಳೆವಾಳಿ’: ದೊರೆ ಸತ್ತರೆ ತಾನೂ ಸಾಯುವ ಆಣೆ. ಎಂ. ಚಿದಾನಂದಮೂರ್ತಿ ಅವರು ಶಾಸನಗಳಿಂದ ಇವನ್ನೆಲ್ಲ ಹೆಕ್ಕಿ ವಿವರಿಸಿದ್ದಾರೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಒಂದು ಕಂಬವಿದೆ. 1220ರಲ್ಲಿ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ಗರುಡನಾಗಿದ್ದ, ಅಂದರೆ ಇಂಥ ಆಣೆ ತೊಟ್ಟ ಅಂಗರಕ್ಷಕನಾಗಿದ್ದ ಕುವರ ಲಕ್ಷ್ಮ, ಹೆಂಡತಿ ಸುಗ್ಗಲದೇವಿಯ ಜೊತೆ ಪ್ರಾಣ ಬಿಟ್ಟ. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವವರ ಚಿತ್ರಗಳಿವೆ. ಇದನ್ನು ಸ್ವಾಮಿನಿಷ್ಠೆ ಎಂದು ಹೊಗಳಲು ನನಗೆ ನಾಲಿಗೆ ಏಳುವುದಿಲ್ಲ. ಆದರೆ ಆಳುವವನು ಎಂಬ ಪದಕ್ಕೆ ಜನ ತೆತ್ತ ಬೆಲೆ ಆ ಕಂಬದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಯಾವ ನಿಘಂಟಿನಲ್ಲೂ ಕಾಣುವುದಿಲ್ಲ.

ಕೊನೆಗೆ ಇಲ್ಲಿರುವ ಮೇಷ್ಟರುಗಳಲ್ಲಿ ಒಂದು ವಿನಂತಿ. ಬೇಲೂರು, ಹಳೇಬೀಡಿಗೆ ಶಾಲಾ ಪ್ರವಾಸ ಹೊರಟಾಗ ಹಲ್ಮಿಡಿಗೂ ಬಸ್ಸು ತಿರುಗಿಸಿ. ಮೂಲ ಕಲ್ಲು ಅಲ್ಲಿಲ್ಲ, ಪ್ರತಿಕೃತಿ ಇದೆ. ವಿಜ ಅರಸನ ಹೆಸರನ್ನು ಮಕ್ಕಳ ಕೈಯಲ್ಲೇ ಓದಿಸಿ.