ಕಟ್ಟುವ ಕೈಗಳೂ ನಮ್ಮ ಅಮಾನತು
(ಜುಮಾ ಖುತುಬಾದ ಸಾರಾಂಶ)

ಸರ್ವ ಸ್ತುತಿಯೂ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮತ್ತು ಸಹಾಬಿಗಳ ಮೇಲೆ ಶಾಂತಿ ಇರಲಿ.



ಕಳೆದ ತಿಂಗಳು ನಮ್ಮ ಮಸೀದಿಯ ಮೇಲಂತಸ್ತಿನ ಕೆಲಸ ನಡೆಯುವಾಗ ಸಾರುವೆಯ ಹಲಗೆ ಜಾರಿ ಒಬ್ಬ ಯುವಕ ಕೆಳಗೆ ಬಿದ್ದ. ಬಿದ್ದ ಜಾಗದಲ್ಲಿ ಮರಳಿನ ರಾಶಿ ಇತ್ತು. ಅಲ್‌ಹಮ್ದುಲಿಲ್ಲಾಹ್, ಕೈ ಮುರಿಯಿತು, ಜೀವ ಉಳಿಯಿತು. ಆದರೆ ಆ ಮರಳನ್ನು ಅಲ್ಲಿ ಹಾಕಿಸಿದ್ದು ನಮ್ಮ ಮುಂಜಾಗ್ರತೆಯಲ್ಲ. ಲಾರಿಯವನು ಸುರಿದು ಹೋಗಿದ್ದ, ಅಷ್ಟೇ. ಅದಕ್ಕೂ ಮೊದಲು ಮೇಸ್ತ್ರಿ ಬೆಲ್ಟು, ಹೆಲ್ಮೆಟ್ ಬೇಕೆಂದು ಕೇಳಿದ್ದರು. "ನಾಲ್ಕು ದಿನದ ಕೆಲಸ, ಅಲ್ಲಾಹನ ಮನೆ, ಅವನೇ ಕಾಪಾಡುತ್ತಾನೆ" ಎಂದವರು ನಾವೇ. ಇಂದು ಮಿಂಬರಿನಿಂದ ಮೊದಲು ಈ ತಪ್ಪನ್ನು ಒಪ್ಪಿಕೊಳ್ಳುತ್ತೇವೆ.

ಅದು ತವಕ್ಕುಲ್ ಆಗಿರಲಿಲ್ಲ, ಖರ್ಚು ಉಳಿಸುವ ನೆಪವಾಗಿತ್ತು. ಮೊದಲು ಒಂಟೆಯನ್ನು ಕಟ್ಟಬೇಕು, ಆಮೇಲೆ ಅಲ್ಲಾಹನಲ್ಲಿ ಭರವಸೆ ಇಡಬೇಕು ಎಂದು ಪ್ರವಾದಿ(ಸ) ಕಲಿಸಿದರು. ತಡೆಗೋಡೆಯಿಲ್ಲದ ಮಾಳಿಗೆಯಲ್ಲಿ ರಾತ್ರಿ ಮಲಗುವವನನ್ನು ಎಚ್ಚರಿಸುವ ಹದೀಸ್ ಅಬೂದಾವೂದ್‌ನಲ್ಲಿದೆ. ತಾನಾಗಿ ಮಲಗುವವನಿಗೇ ಈ ಎಚ್ಚರಿಕೆಯಾದರೆ, ಹೊಟ್ಟೆಪಾಡಿಗೆ ಬಂದ ಬಡವನನ್ನು ತಡೆಯಿಲ್ಲದ ಅಂಚಿಗೆ ಹತ್ತಿಸುವ ನಮ್ಮ ಹೊಣೆ ಎಷ್ಟು? ಒಂದು ಜೀವ ಉಳಿಸುವುದು ಇಡೀ ಮನುಕುಲವನ್ನು ಉಳಿಸಿದಂತೆ ಎಂಬ ಸೂರಃ ಅಲ್ ಮಾಇದಃದ ಪಾಠ ಕೆಲಸದ ಜಾಗಕ್ಕೂ ಅನ್ವಯಿಸುತ್ತದೆ. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತದ್ದನ್ನು ನಾವು ಮರೆಯಬಾರದು.

ಬೆಂಗಳೂರು ನಮ್ಮ ಕಡೆಗೆ ಬೆಳೆಯುತ್ತಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲಿ ನೋಡಿದರೂ ಪಾಯ ತೆಗೆಯುತ್ತಿದ್ದಾರೆ, ಮೌಲ್ಡ್ ಹಾಕುತ್ತಿದ್ದಾರೆ. ಕಟ್ಟಿಸುವವರೂ ನಮ್ಮಲ್ಲಿದ್ದಾರೆ, ಗಾರೆ, ಸೆಂಟ್ರಿಂಗ್, ಟೈಲ್ಸ್, ವೈರಿಂಗ್ ಮಾಡುವವರೂ ಇದೇ ಸಫ್‌ಗಳಲ್ಲಿ ಕೂತಿದ್ದಾರೆ. ಆದ್ದರಿಂದ ಕೆಲವು ಮಾತುಗಳನ್ನು ಬಿಡಿಸಿ ಹೇಳುತ್ತೇವೆ.

ಪಾಯ ಒಂದೂವರೆ ಮೀಟರ್ ದಾಟಿದರೆ ಬದಿಗಳಿಗೆ ಆಸರೆ ಕೊಡಿ. ಅಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಬೇಡಿ. ಅದರ ಭಾರಕ್ಕೇ ಬದಿ ಕುಸಿಯುತ್ತದೆ. ವಿದ್ಯುತ್ ತಂತಿ ಹತ್ತಿರವಿದ್ದರೆ ಕಂಬಿ ಎತ್ತುವ ಮೊದಲು ಬೆಸ್ಕಾಂಗೆ ತಿಳಿಸಿ. ಹೊಸ ಸಂಪಿನ ಸೆಂಟ್ರಿಂಗ್ ಬಿಚ್ಚಲು ತಕ್ಷಣ ಇಳಿಯಬೇಡಿ. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಒಬ್ಬ ಕುಸಿದರೆ ಎತ್ತಲು ಇಳಿದವನೂ ಕುಸಿಯುತ್ತಾನೆ. ಕಲ್ಲು, ಟೈಲ್ಸ್ ಕತ್ತರಿಸುವಾಗ ನೀರು ಬಿಡಿ, ಮಾಸ್ಕ್ ಹಾಕಿ. ಆ ಪುಡಿ ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ. ಕನಕಪುರ, ಮಾಗಡಿ ಕಡೆಯ ಕ್ವಾರಿಗಳಲ್ಲಿ ದುಡಿಯುವವರೂ ಈ ಮಾತನ್ನು ನೆನಪಿಡಿ.

ನಮ್ಮ ಎರಡನೆಯ ತಪ್ಪನ್ನೂ ಹೇಳಬೇಕು. ಹಳೆಯ ಗೋಡೆ ಒಡೆದ ಇಟ್ಟಿಗೆ, ಮಣ್ಣನ್ನು ಟ್ರ್ಯಾಕ್ಟರಿನವನು ರಾಜಕಾಲುವೆಯ ಬದಿಗೆ ಸುರಿದ. ಕಡಿಮೆ ಬಾಡಿಗೆಗೆ ಒಪ್ಪಿದಾಗ "ಎಲ್ಲಿಗೆ ಒಯ್ಯುತ್ತೀಯಪ್ಪ?" ಎಂದು ನಾವು ಕೇಳಲಿಲ್ಲ. 2022ರ ಆಗಸ್ಟ್‌ನ ಮಳೆಗೆ ರಾಮನಗರದಲ್ಲಿ ಮನೆಗಳಿಗೆ ನೀರು ನುಗ್ಗಿದ್ದನ್ನು, ಹೆದ್ದಾರಿಯೇ ಕೆರೆಯಾದದ್ದನ್ನು ಕಂಡವರು ನಾವು. ನೀರಿನ ದಾರಿ ಮುಚ್ಚಿದರೆ ಅದು ಬಡವನ ಹೊಸ್ತಿಲು ಹುಡುಕಿಕೊಂಡು ಬರುತ್ತದೆ. ದಾರಿಯಲ್ಲಿನ ತೊಂದರೆಯನ್ನು ತೆಗೆಯುವುದು ಈಮಾನಿನ ಭಾಗವಾದರೆ, ತೊಂದರೆಯನ್ನು ತಂದು ಸುರಿಯುವುದು ಏನು?

ನೆರೆಯವರ ಹಕ್ಕೂ ಇದೆ. ಪಕ್ಕದ ಮನೆಯ ಅಜ್ಜಿ ನಮ್ಮ ಧೂಳಿಗೆ ಕೆಮ್ಮುತ್ತಾ ಕಿಟಕಿ ಮುಚ್ಚಿ ಕೂತಿದ್ದರು. ನೆರೆಯವರ ಹಕ್ಕು ಧರ್ಮ ನೋಡಿ ಬರುವುದಿಲ್ಲ. ಹಸಿರು ಪರದೆ ಕಟ್ಟಿ, ಮರಳನ್ನು ಮುಚ್ಚಿಡಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಯಂತ್ರ ನಿಲ್ಲಿಸಿ. ಹರಿಯುವ ನದಿಯಲ್ಲೂ ವುಝೂವಿನ ನೀರು ಪೋಲು ಮಾಡಬಾರದೆಂದು ಕಲಿತವರು ನಾವು. ಕ್ಯೂರಿಂಗ್‌ಗೆ ಗೋಣಿಚೀಲ ಹೊದಿಸಿದರೆ ನೀರು ಎಷ್ಟೋ ಉಳಿಯುತ್ತದೆ.

ಕೆಲಸಗಾರ ಸಹೋದರರೇ, 18ರಿಂದ 60 ವರ್ಷದೊಳಗಿದ್ದು, ಕಳೆದ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಿ. ಕಾರ್ಮಿಕ ಸಹಾಯವಾಣಿ 155214. ನಮ್ಮ ಆ ಯುವಕನ ಹೆಸರು ನೋಂದಣಿಯಾಗಿರಲಿಲ್ಲ. ಯಾರೂ ಅವನಿಗೆ ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಕಮಿಟಿ ಈಗ ಮೂರು ತೀರ್ಮಾನ ಮಾಡಿದೆ. ಅವನ ಚಿಕಿತ್ಸೆಯ ಖರ್ಚು, ಕೈ ಗುಣವಾಗುವವರೆಗಿನ ದಿನಗೂಲಿ ನಮ್ಮದು. ಕಾಲುವೆ ಬದಿಯ ಮಣ್ಣನ್ನು ಈ ಭಾನುವಾರ ನಾವೇ ನಿಂತು ಎತ್ತಿಸುತ್ತೇವೆ. ಬಿಡುವಿದ್ದವರು ಗುದ್ದಲಿ, ಬಾಣಲಿ ತನ್ನಿ. ಅಂಚಿಗೆ ತಡೆ, ಪ್ರತಿಯೊಬ್ಬರಿಗೂ ಹೆಲ್ಮೆಟ್, ಬೆಲ್ಟು ಬರುವವರೆಗೆ ಮೇಲಿನ ಕೆಲಸ ನಿಂತಿರುತ್ತದೆ. ರಮಝಾನಿಗೆ ಮುಗಿಯದಿದ್ದರೆ ಅಂಗಳದಲ್ಲೇ ನಮಾಝ್ ಮಾಡೋಣ.

ಅಲ್ಲಾಹನು ನಮ್ಮ ಉದಾಸೀನವನ್ನು ಕ್ಷಮಿಸಲಿ, ದುಡಿಯುವ ಕೈಗಳನ್ನು ಕಾಪಾಡಲಿ, ಕಾಪಾಡುವ ಹೊಣೆಯನ್ನು ನಮಗೆ ನೆನಪಿಸುತ್ತಿರಲಿ. ಆಮೀನ್.