ಚುಕ್ಕೆಯೋ, ಅಲ್ಪವಿರಾಮವೋ? – ಕಂಪ್ಯೂಟರ್ ಅಂಕಿ ಓದುವ ಬಗೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಕೆಲಸ ಎಂದರೇನು, ನಮಗೆ ತಿಳಿಯುವ ಹಾಗೆ ಹೇಳಪ್ಪಾ ಎಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದ್ದಾರೆ. ಅಷ್ಟು ದೊಡ್ಡ ವಿಷಯ ಹದಿನೈದು ನಿಮಿಷಕ್ಕೆ ಮುಗಿಯುವಂಥದ್ದಲ್ಲ. ಹಾಗಾಗಿ ಅದರ ಒಂದು ಸಣ್ಣ ಮೂಲೆಯನ್ನು ಆರಿಸಿಕೊಂಡಿದ್ದೇನೆ. ಅಂಕಿಗಳ ನಡುವೆ ಬರುವ ಚುಕ್ಕೆ ಮತ್ತು ಅಲ್ಪವಿರಾಮ, ಇಷ್ಟೇ ಇಂದಿನ ವಿಷಯ. ಇದು ಸಣ್ಣದಾಗಿ ಕಂಡರೂ ಇದರಲ್ಲಿ ದುಡ್ಡಿದೆ, ನಮ್ಮ ಲೆಕ್ಕದ ಮರ್ಯಾದೆಯೂ ಇದೆ.

ಮಕ್ಕಳೇ, ಹನ್ನೆರಡು ಲಕ್ಷದ ಐವತ್ತು ಸಾವಿರ ಎಂಬುದನ್ನು ಅಂಕಿಯಲ್ಲಿ ಬರೆಯಿರಿ ಎಂದರೆ ನೀವು 12,50,000 ಎಂದು ಬರೆಯುತ್ತೀರಿ. ಬಲಗಡೆಯಿಂದ ಮೊದಲು ಮೂರು ಸ್ಥಾನ, ಆಮೇಲೆ ಎರಡೆರಡು ಸ್ಥಾನ. ಸಾವಿರ, ಲಕ್ಷ, ಕೋಟಿ ಎಂದು ನಾವು ಬಾಯಲ್ಲಿ ಹೇಳುವುದಕ್ಕೆ ಸರಿಯಾಗಿ ಅಲ್ಪವಿರಾಮ ಬೀಳುತ್ತದೆ. ಅಮೆರಿಕದ ಮಕ್ಕಳು ಇದೇ ಸಂಖ್ಯೆಯನ್ನು 1,250,000 ಎಂದು ಬರೆಯುತ್ತಾರೆ. ಅವರ ಮಾತಿನಲ್ಲಿ ಲಕ್ಷವಿಲ್ಲ. ಸಾವಿರ ದಾಟಿದರೆ ಮಿಲಿಯನ್. ಜರ್ಮನಿಯಲ್ಲಿ ಇದು 1.250.000 ಆಗುತ್ತದೆ. ಅಲ್ಲಿ ಗುಂಪು ಮಾಡುವುದಕ್ಕೆ ಚುಕ್ಕೆ, ದಶಮಾಂಶಕ್ಕೆ ಅಲ್ಪವಿರಾಮ. ನಮ್ಮ ನಾಲ್ಕೂವರೆ 4.5 ಆದರೆ ಅವರದು 4,5. ಫ್ರಾನ್ಸಿನವರು ಗುಂಪುಗಳ ನಡುವೆ ಸ್ವಲ್ಪ ಜಾಗ ಬಿಡುತ್ತಾರೆ.

ಇದರಲ್ಲಿ ಯಾರದು ಸರಿ ಎಂದು ಕೇಳಿದರೆ ಉತ್ತರವಿಲ್ಲ. ತೂಕ ಮತ್ತು ಅಳತೆಗಳ ಅಂತಾರಾಷ್ಟ್ರೀಯ ಮಹಾಸಭೆ 2003ರಲ್ಲಿ ದಶಮಾಂಶಕ್ಕೆ ಚುಕ್ಕೆಯೂ ಆಗಬಹುದು, ಅಲ್ಪವಿರಾಮವೂ ಆಗಬಹುದು ಎಂದು ಎರಡನ್ನೂ ಒಪ್ಪಿಕೊಂಡಿತು.

ಮನುಷ್ಯರಾದ ನಾವು ಎದುರಿಗಿರುವವರು ಯಾವ ದೇಶದವರು ಎಂದು ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಕಂಪ್ಯೂಟರಿಗೆ ಅದನ್ನು ಮೊದಲೇ ಹೇಳಿಡಬೇಕು. ನಿಮ್ಮ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆ, ಪ್ರದೇಶ ಎಂದು ಇರುತ್ತದಲ್ಲ, ಅದೇ ಅದು. ನಮ್ಮ ಕಸುಬಿನಲ್ಲಿ ಅದಕ್ಕೆ ಲೊಕೇಲ್ ಎನ್ನುತ್ತಾರೆ. ಅಂಕಿ ಹೇಗೆ ಬರೆಯಬೇಕು, ತಾರೀಖಿನಲ್ಲಿ ದಿನ ಮೊದಲೋ ತಿಂಗಳು ಮೊದಲೋ, ಹಣದ ಗುರುತು ಎಲ್ಲಿ ಬರಬೇಕು ಎಂಬುದೆಲ್ಲ ಅದರಿಂದ ತೀರ್ಮಾನವಾಗುತ್ತದೆ.

ತೊಂದರೆ ಎಲ್ಲಿ ಬರುತ್ತದೆ ಎಂಬುದನ್ನು ನಮಗೆ ಗೊತ್ತಿರುವ ಹಾಲಿನ ಡೇರಿಯ ಲೆಕ್ಕದಲ್ಲೇ ನೋಡೋಣ. ಒಬ್ಬರ ಹಾಲಿಗೆ ಫ್ಯಾಟ್ 4.5 ಬಂತು ಎಂದುಕೊಳ್ಳಿ. ಯಂತ್ರ ಅದನ್ನು ಅಕ್ಷರರೂಪದಲ್ಲಿ ಕಂಪ್ಯೂಟರಿಗೆ ಕಳಿಸುತ್ತದೆ. ಆ ಕಂಪ್ಯೂಟರಿನ ಲೊಕೇಲ್ ಯಾವುದೋ ಕಾರಣಕ್ಕೆ ಜರ್ಮನಿಯದ್ದಾಗಿದೆ ಎಂದು ಊಹಿಸಿಕೊಳ್ಳಿ. ಪ್ರೋಗ್ರಾಮನ್ನು ಜಾವಾ ಭಾಷೆಯಲ್ಲಿ, ಲೊಕೇಲ್ ನೋಡಿ ಅಂಕಿ ಓದುವ ಸೌಲಭ್ಯ ಬಳಸಿ ಬರೆದಿದ್ದರೆ, ಅದು ಚುಕ್ಕೆಯನ್ನು ಗುಂಪಿನ ಗುರುತು ಎಂದು ತಿಳಿದು 45 ಎಂದು ಓದುತ್ತದೆ. ಸಿ ಭಾಷೆಯ ಪ್ರೋಗ್ರಾಮು ಆ ಲೊಕೇಲನ್ನು ಒಪ್ಪಿಕೊಂಡಿದ್ದರೆ, ಚುಕ್ಕೆ ಕಂಡ ಕೂಡಲೇ ಅಂಕಿ ಮುಗಿಯಿತು ಎಂದು ನಿಂತುಬಿಡುತ್ತದೆ. ಫ್ಯಾಟ್ 4 ಆಗುತ್ತದೆ. ಪೈಥಾನ್ ಭಾಷೆಯ ಸಾಮಾನ್ಯ ವಿಧಾನ ಲೊಕೇಲನ್ನು ಕೇಳುವುದೇ ಇಲ್ಲ, 4.5 ಎಂದೇ ಓದುತ್ತದೆ. ಅದಕ್ಕೆ 4,5 ಎಂದು ಕೊಟ್ಟರೆ ಇದು ಅಂಕಿಯಲ್ಲ ಎಂದು ತಕರಾರು ತೆಗೆದು ನಿಲ್ಲುತ್ತದೆ.

ಈ ಮೂರರಲ್ಲಿ ಯಾವುದು ವಾಸಿ? ತಕರಾರು ತೆಗೆದದ್ದೇ ವಾಸಿ. ಮೊದಲಿನ ಎರಡು ಪ್ರೋಗ್ರಾಮುಗಳು ತಪ್ಪು ಓದಿಯೂ ಸುಮ್ಮನಿದ್ದವು. ಫ್ಯಾಟ್ 45 ಎಂದು ಬಂದರೆ ಯಾರಾದರೂ ನಕ್ಕು ಸರಿಪಡಿಸಿಯಾರು. 4 ಎಂದು ಬಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಹಾಲು ಹಾಕಿದ ಮನೆಗೆ ದಿನವೂ ಸ್ವಲ್ಪ ಸ್ವಲ್ಪ ದುಡ್ಡು ಕಡಿಮೆ ಸಿಗುತ್ತಾ ಹೋಗುತ್ತದೆ.

ಓದುವಾಗ ಆದಂತೆ ಬರೆಯುವಾಗಲೂ ಆಗುತ್ತದೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪಟ್ಟಿ ಕಳಿಸುವಾಗ ಕಲಮುಗಳ ನಡುವೆ ಅಲ್ಪವಿರಾಮ ಹಾಕುವ ರೂಢಿ ಬಹಳ ಕಡೆ ಇದೆ. ಅಂಥ ಪಟ್ಟಿಯೊಳಗೆ 4,5 ಎಂದು ಬಿದ್ದರೆ ಒಂದು ಅಂಕಿ ಎರಡು ಕಲಮಾಗಿ ಒಡೆಯುತ್ತದೆ. ಅಲ್ಲಿಂದ ಮುಂದಿನದೆಲ್ಲ ಒಂದು ಮನೆ ಪಕ್ಕಕ್ಕೆ ಸರಿಯುತ್ತದೆ. ಜರ್ಮನಿಯಲ್ಲಿ ಎಕ್ಸೆಲ್ ಬಳಸುವವರು ಇಂಥ ಪಟ್ಟಿಗಳಲ್ಲಿ ಅಲ್ಪವಿರಾಮದ ಬದಲು ಅರ್ಧವಿರಾಮ ಹಾಕುವುದು ಇದೇ ಕಾರಣಕ್ಕೆ.

ಹಾಗಾದರೆ ಉಪಾಯವೇನು? ಕಣಜದಲ್ಲಿ ರಾಗಿ ರಾಗಿಯಾಗಿಯೇ ಇರಬೇಕು. ಬಡಿಸುವಾಗ ಮುದ್ದೆಯೋ ರೊಟ್ಟಿಯೋ, ಉಣ್ಣುವವರಿಗೆ ತಕ್ಕ ಹಾಗೆ ಮಾಡಿಕೊಳ್ಳಬಹುದು. ಅಂಕಿಗೂ ಇದೇ ನಿಯಮ. ಯಂತ್ರದಿಂದ ಯಂತ್ರಕ್ಕೆ ಹೋಗುವಾಗ, ಕಡತದಲ್ಲಿ ಕೂಡಿಡುವಾಗ, ಯಾವ ದೇಶದ ಅಲಂಕಾರವೂ ಇಲ್ಲದೆ ಒಂದೇ ರೀತಿ ಬರೆಯಬೇಕು: ಗುಂಪಿನ ಗುರುತು ಬೇಡ, ದಶಮಾಂಶಕ್ಕೆ ಚುಕ್ಕೆ. ಮನುಷ್ಯರ ಕಣ್ಣಿಗೆ ತೋರಿಸುವ ಕೊನೆಯ ಗಳಿಗೆಯಲ್ಲಿ ಮಾತ್ರ ಅವರವರ ಲೊಕೇಲ್ ಹಾಕಬೇಕು. ಯಾವ ಲೊಕೇಲ್ ಎಂಬುದನ್ನು ಪ್ರೋಗ್ರಾಮಿನಲ್ಲಿ ಬಾಯಿಬಿಟ್ಟು ಹೇಳಬೇಕು. ಆ ಕಂಪ್ಯೂಟರಿನಲ್ಲಿ ಏನಿದೆಯೋ ಅದೇ ಆಗಲಿ ಎಂದು ಬಿಡಬಾರದು. ಈ ಕಸುಬಿಗೆ ಬರಬೇಕೆಂದಿರುವ ಮಕ್ಕಳು ಇದನ್ನು ಈಗಲೇ ನೆನಪಿಟ್ಟುಕೊಳ್ಳಿ.

ಆ ಕೊನೆಯ ಗಳಿಗೆಯ ಬಗ್ಗೆ ಇನ್ನೊಂದು ಮಾತು. ಎಷ್ಟೋ ಆ್ಯಪುಗಳು ನಮ್ಮ ಜನಕ್ಕೂ 1,250,000 ಎಂದೇ ತೋರಿಸುತ್ತವೆ. ಲಕ್ಷ ಕೋಟಿಯಲ್ಲಿ ಲೆಕ್ಕ ಹಾಕುವ ನಮ್ಮ ಅವ್ವ ಅದನ್ನು ನೋಡಿ ತಡವರಿಸಿದರೆ, ತನಗೇ ತಿಳಿವಳಿಕೆ ಸಾಲದು ಎಂದು ಸುಮ್ಮನಾಗುತ್ತಾಳೆ. ಆದರೆ ಕೊರತೆ ಇರುವುದು ಪ್ರೋಗ್ರಾಮಿನಲ್ಲಿ. ಭಾರತದ ಲೊಕೇಲ್ ಕೊಟ್ಟರೆ ಜಾವಾಸ್ಕ್ರಿಪ್ಟ್ ಭಾಷೆ ಒಂದೇ ಸಾಲಿನಲ್ಲಿ 12,50,000 ಎಂದು ಬರೆದುಕೊಡುತ್ತದೆ. ಕನ್ನಡ ಅಂಕಿ ಬೇಕೆಂದು ಕೇಳಿದರೆ ೧೨,೫೦,೦೦೦ ಎಂದೂ ಕೊಡುತ್ತದೆ. ಸೌಲಭ್ಯ ಇದೆ, ಕೇಳುವವರು ಬೇಕು.

ಸ್ಥಾನಗಳಿಗೆ ಹೆಸರಿಟ್ಟು ಎಣಿಸುವುದು ನಮ್ಮ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತ ಎಂದು ಮೊದಲುಮಾಡಿ 24 ಸ್ಥಾನಗಳಿಗೆ ಹೆಸರು ಹೇಳಿದ್ದಾರೆ. ಅಂಥ ನಾಡಿನ ಮಕ್ಕಳು ನಮ್ಮ ಲೆಕ್ಕದ ರೀತಿಯನ್ನು ಕಂಪ್ಯೂಟರಿನಲ್ಲಿ ಕೇಳಿ ಪಡೆಯಲು ಹಿಂಜರಿಯಬಾರದು.

ಪ್ರೋಗ್ರಾಮು ಬರೆಯದ ಹಿರಿಯರಿಗೂ ಇದರಲ್ಲಿ ಕೆಲಸವಿದೆ. ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತೀರಿ. ಎರಡಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಬರೆದದ್ದನ್ನೇ ಹಿಡಿಯಬೇಕೆಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಹೇಳುತ್ತದೆ. ಪರದೆಯ ಮೇಲೆ, ಚೀಟಿಯ ಮೇಲೆ ಯಾವ ಮೊತ್ತ ಬಂದರೂ ಹಾಗೆಯೇ ಒಮ್ಮೆ ಬಾಯಲ್ಲಿ ಓದಿನೋಡಿ. ಬಾಯಿಗೆ ಸರಿಹೋಗದಿದ್ದರೆ ಅಲ್ಲೇ ನಿಂತು ಕೇಳಿ. ಕಂಪ್ಯೂಟರ್ ಹೇಳಿದ ಮೇಲೆ ಮುಗಿಯಿತು ಎಂದು ಯಾರಾದರೂ ಅಂದರೆ, ಕಂಪ್ಯೂಟರಿಗೆ ಯಾವ ದೇಶದ ಲೆಕ್ಕ ಹೇಳಿಕೊಟ್ಟಿದ್ದೀರಿ ಎಂದು ಕೇಳುವ ಹಕ್ಕು ನಿಮಗಿದೆ.

ಐವತ್ತು ವರ್ಷಗಳಿಂದ ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಲೆಕ್ಕ ಕಲಿಸಿದ ಈ ಶಾಲೆ ಇನ್ನೂ ನೂರು ಕಾಲ ಬಾಳಲಿ.